ಪೇಶ್ಕಾರ ಮಾವನವರು ಧಾನ್ಯ ಬಂದ್ ಮಾಡಿದ್ದು

ಗಿರಣಿಯಿಂದ ಬಿಸಿ ಹಿಟ್ಟು ಡಬ್ಬಿಗೆ ಬಿದ್ದ ಕೂಡಲೇ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಳ್ಳುವುದು ನನ್ನ ಹಳೆಯ ಚಟ. ಕೆಲವರಿಗೆ ತಂಬಾಕು, ಕೆಲವರಿಗೆ ನಶ್ಯ, ನನಗೆ ಇದು. "ಅತ್ತಿ, ಹಸಿ ಹಿಟ್ಟ ತಿನಬ್ಯಾಡ್ರಿ, ಹೊಟ್ಟಿ ಕಡೀತದ" ಎಂದು ಸೊಸೆ ಎಷ್ಟೋ ಸಲ ಹೇಳಿದ್ದಾಳೆ. ಇಷ್ಟು ವರ್ಷ ಕಡಿಯದ ಹೊಟ್ಟೆ ಈಗೇಕೆ ಕಡಿದೀತು? ಮೊನ್ನೆಯೂ ಹಾಗೆಯೇ ಗಿರಣಿಯ ಕಟ್ಟೆಯ ಮೇಲೆ ಕೂತು ಚಿಟಿಕೆ ಹಿಟ್ಟು ಚಪ್ಪರಿಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ಗಿರಣಿಯವನಿಗೆ ಹೇಳುತ್ತಿದ್ದಳು: "ಇನ್ನ ಮ್ಯಾಲ ಗೋಧಿ ತರೂದಿಲ್ಲ ನೋಡಪ್ಪ. ನಮ್ಮನಿಯವರಿಗೆ ಡಾಕ್ಟರ್ರು ಗೋಧಿ ಬಂದ್ ಮಾಡಂದಾರ. ಗೋಧಿ ತಿಂದ್ರ ಇಲ್ಲದ ರೋಗ ಬರ್ತಾವಂತ." ಗಿರಣಿಯವನ ಮುಖ ಸಪ್ಪಗಾಯಿತು. "ಹಂಗಾರ ಜ್ವಾಳ ತರ್ರೀ" ಅಂದ. "ಜ್ವಾಳನೂ ಕಮ್ಮಿ ಮಾಡಂದಾರ" ಅಂದಳು ಆಕೆ.

ನನಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಹಿಟ್ಟೆಲ್ಲ ಸೀರೆಯ ಮೇಲೆ ಉದುರಿತು. "ಯಾಕ ನಗ್ತೀರಿ ಆಯಿ?" ಎಂದು ಆಕೆ ಕೇಳಿದಳು, ಸ್ವಲ್ಪ ಸಿಟ್ಟಿನಲ್ಲೇ. "ಏನಿಲ್ಲವ್ವ, ನಮ್ಮ ಮಾವಾರ ನೆನಪಾತು" ಎಂದಷ್ಟೇ ಹೇಳಿ ಡಬ್ಬಿ ಹೊತ್ತು ಮನೆಗೆ ಬಂದೆ. ಗಿರಣಿಯ ಗದ್ದಲದಲ್ಲಿ ನಿಂತು ಹೇಳುವ ಸಂಗತಿ ಅಲ್ಲ ಅದು. ಆಕೆಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ, ನಿಮಗೇನೂ ಅವಸರವಿಲ್ಲವಲ್ಲ.

ನಗುತ್ತ ಶುರು ಮಾಡಿದಳು ಎಂದು ಇದನ್ನು ಬರೀ ನಗುವ ವಿಷಯ ಎಂದುಕೊಳ್ಳಬೇಡಿ. ಗೋಧಿ ಜೋಳ ತಿಂದರೆ ಮೈಗೆ ಕೇಡೋ ಒಳ್ಳೆಯದೋ ಎಂಬ ಇದೇ ವಾದ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಇಪ್ಪತ್ತು ದಿನ ನಡೆಯಿತು. ಆ ಇಪ್ಪತ್ತು ದಿನದಲ್ಲಿ ನಮ್ಮ ಅತ್ತೆಯ ಜೀವ ಹೋಗುವುದೊಂದು ಬಾಕಿ ಇತ್ತು. ಅದು ಮನೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಕಣ್ಣೆದುರೇ ಇದ್ದ ನನಗೂ ಗೊತ್ತಾಗಲಿಲ್ಲ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಾನು ಹುಟ್ಟಿದ್ದು ಕಮಲಾಪುರದಲ್ಲಿ, ಒಕ್ಕಲುತನದ ಮನೆಯಲ್ಲಿ. ಆಗ ನಿಜಾಮರ ರಾಜ್ಯ. ರಾಜ್ಯ ಯಾರದ್ದಾದರೇನು, ಬೀಸುವ ಕಲ್ಲು ನಮ್ಮದೇ. ಅವ್ವ ಕೋಳಿ ಕೂಗುವ ಮುಂಚೆ ಎದ್ದು ಬೀಸಲು ಕೂಡುತ್ತಿದ್ದಳು. ನಾನು ಹಾಸಿಗೆಯಿಂದ ತೆವಳಿಕೊಂಡು ಹೋಗಿ ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮತ್ತೆ ಮಲಗುತ್ತಿದ್ದೆ. ಕಲ್ಲು ತಿರುಗಿದಂತೆ ಅವ್ವನ ತೊಡೆ ಅಲುಗುತ್ತಿತ್ತು, ನನ್ನ ತಲೆಯೂ ಅಲುಗುತ್ತಿತ್ತು. ಎದ್ದಾಗ ಕೂದಲ ತುಂಬ ಹಿಟ್ಟು. "ಏನಬೇ ಮುದುಕಿ, ಎದ್ದೇನು?" ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ. ಈಗ ಹಿಟ್ಟಿಲ್ಲದೆಯೇ ತಲೆ ಬೆಳ್ಳಗಾಗಿದೆ, ಚೇಷ್ಟೆ ಮಾಡಲು ಅಪ್ಪ ಇಲ್ಲ.

ನಮ್ಮ ಮನೆಯಲ್ಲಿ ಜೋಳ ದಿನದ ಊಟ. ಗೋಧಿ ಹಬ್ಬಕ್ಕೆ ಹೋಳಿಗೆಯಾಗಿ ಬರುವುದು, ಇಲ್ಲವೆ ಬಾಣಂತಿಯ ತಾಟಿಗೆ ಬೆಲ್ಲ ಹಾಕಿದ ಸಜ್ಜಕವಾಗಿ ಬರುವುದು. ಅಕ್ಕಿಯಂತೂ ಜ್ವರ ಬಂದವರಿಗೆ ಮಾತ್ರ. ಹೀಗಾಗಿ ನಮಗೆ ಮಕ್ಕಳಿಗೆ ಜ್ವರ ಬರಲಿ ಎಂಬುದೇ ದೊಡ್ಡ ಆಸೆ. ಒಮ್ಮೆ ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಮಲಗಿದರೆ ಮೈ ಬಿಸಿಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಒಂದಲ್ಲ, ಎರಡು ಇಟ್ಟುಕೊಂಡು ಮಲಗಿದೆ. ಅವ್ವ ಹಣೆ ಮುಟ್ಟಿ ನೋಡಲು ಬಗ್ಗಿದಳು, ಮೂಗು ಅರಳಿಸಿದಳು, ಎದ್ದು ಹೋದಳು. ಮೆತ್ತಗಿನ ಅನ್ನ ಬಂತು ಎಂದು ನಾನು ಬಾಯಿ ತೆರೆದರೆ ಬಂದದ್ದು ಬಟ್ಟಲು ತುಂಬ ಬೇವಿನ ಕಷಾಯ. ಅಂದಿನಿಂದ ಇಂದಿನವರೆಗೆ ನಾನು ಸುಳ್ಳು ಜ್ವರ ತಂದುಕೊಂಡವಳಲ್ಲ.

ಇಷ್ಟು ಕಾಳು ಹಿಟ್ಟಿನ ನಡುವೆ ಬೆಳೆದವಳನ್ನು ಕೊಟ್ಟದ್ದು ಕಲಬುರ್ಗಿಗೆ, ಐವಾನ್-ಎ-ಶಾಹಿಯ ಕಡೆ ಒಂದು ಓಣಿಗೆ. ಮಾವನವರು ಕಚೇರಿಯಲ್ಲಿ ಪೇಶ್ಕಾರರಾಗಿದ್ದವರು. ಅಂದರೆ ಸಾಹೇಬರ ಮುಂದೆ ಕಾಗದ ಪತ್ರ ಇಟ್ಟು, ಓದಿ ಹೇಳಿ, ಹುಕುಂ ಬರೆದುಕೊಳ್ಳುವ ಕೆಲಸ. ಮೂವತ್ತು ವರ್ಷ ಬೇರೆಯವರ ಹುಕುಂ ಬರೆದು ಬರೆದು, ಕೆಲಸ ಬಿಟ್ಟ ಮೇಲೆ ತಮ್ಮದೇ ಹುಕುಂ ಹೊರಡಿಸಲು ಕೈ ತುರಿಸುತ್ತಿತ್ತು ಎಂದು ಕಾಣುತ್ತದೆ. ಹೊರಡಿಸಲು ಉಳಿದದ್ದು ಮನೆಯವರ ಮೇಲೆ ಮಾತ್ರ. ಕೆಟ್ಟವರಲ್ಲ, ದೇವರಾಣೆ ಕೆಟ್ಟವರಲ್ಲ. ಆದರೆ ಒಮ್ಮೆ ಬಾಯಿಂದ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ.

ನಾನು ಅವರೊಂದಿಗೆ ನೇರ ಮಾತಾಡುವಂತಿರಲಿಲ್ಲ. ಸೊಸೆಯಾದವಳು ಮಾವನ ಮುಂದೆ ಬರಬಾರದು, ಬಾಗಿಲ ಹಿಂದೆ ನಿಂತು ಅತ್ತೆಯ ಮೂಲಕ ಹೇಳಬೇಕು. ಮೂರು ಮೊಳ ದೂರದಲ್ಲಿ ಮಾವನವರು ಕೂತಿರುತ್ತಿದ್ದರು. ನಾನು "ನೀರು ಕಾದಾವಂತ ಹೇಳ್ರಿ ಅತ್ತಿ" ಎನ್ನುತ್ತಿದ್ದೆ. ಮಾವನವರಿಗೆ ಕೇಳಿಸಿರುತ್ತಿತ್ತು, ಆದರೂ ಏಳುತ್ತಿರಲಿಲ್ಲ. ಅತ್ತೆ ಹೋಗಿ "ನೀರು ಕಾದಾವಂತ್ರಿ" ಎಂದ ಮೇಲೆಯೇ ಟವೆಲ್ ಹೆಗಲಿಗೆ ಬರುತ್ತಿತ್ತು.

ಮಾವನವರಿಗೆ ಹೊಟ್ಟೆಯ ಬಾಧೆ. ಉಂಡ ಮೇಲೆ ಹುಳಿ ತೇಗು, ಎದೆ ಉರಿ. ಆ ವರ್ಷ ಹೈದರಾಬಾದಿನ ಕಡೆಯಿಂದ ಒಬ್ಬ ವೈದ್ಯ ಬಂದು ಊರಲ್ಲಿ ಎಂಟು ದಿನ ಇಳಿದಿದ್ದ. ಮಾವನವರು ಹೋಗಿ ನಾಡಿ ತೋರಿಸಿ ಬಂದರು. ಬಂದವರೇ ಪಡಸಾಲೆಯಲ್ಲಿ ಕೂತು ಅತ್ತೆಯನ್ನು ಕರೆದರು. ನಾನು ಬಾಗಿಲ ಹಿಂದೆ.

"ಇವತ್ತಿನಿಂದ ಈ ಮನ್ಯಾಗ ಧಾನ್ಯ ಬಂದ್."

"ಅಂದ್ರರೀ?" ಎಂದರು ಅತ್ತೆ.

"ಧಾನ್ಯ ಅಂದ್ರ ಏನು? ಹುಲ್ಲಿನ ಬೀಜ. ಹುಲ್ಲು ಯಾರಿಗೆ? ಎತ್ತಿಗೆ. ಎತ್ತು ಮೆಲುಕು ಹಾಕ್ತದ, ನಾವು ಹಾಕ್ತೀವೇನು? ಮೆಲುಕು ಹಾಕಲಾರದವರು ಹುಲ್ಲಿನ ಬೀಜ ತಿಂದ್ರ ಹೊಟ್ಟ್ಯಾಗ ಕೊಳೀತದ. ಜ್ವಾಳ, ಸಜ್ಜಿ, ಅಕ್ಕಿ ಎಲ್ಲಾ ಅಷ್ಟ. ಅದರಾಗ ಗೋಧಿ ಇನ್ನಾ ಕೆಟ್ಟದ್ದು, ಕರುಳಿಗೆ ಅಂಟಿ ಕೂಡ್ತದ."

"ಹಂಗಾರ ಇಷ್ಟ ದಿನ ನಾವು ತಿಂದದ್ದು?"

"ವಿಷ."

"ನಿಮ್ಮಪ್ಪಾರು ಅದನ್ನೇ ತಿಂದು ಎಂಬತ್ತು ವರ್ಷ ಬದುಕಿದ್ರಲ್ರೀ."

"ತಿನ್ನಲಾರದಿದ್ರ ನೂರು ಬದುಕ್ತಿದ್ರು."

ಇದಕ್ಕೆ ಯಾವ ವಕೀಲ ಏನು ಜವಾಬು ಕೊಟ್ಟಾನು? ಮಾವನವರು ಕಾಗದ ತೆಗೆದು ಉರ್ದುವಿನಲ್ಲಿ ದೊಡ್ಡ ಅಕ್ಷರದಿಂದ ಹುಕುಂ ಬರೆದು, ಕೆಳಗೆ ಸಹಿ ಮಾಡಿ, ಅಡುಗೆ ಮನೆಯ ಬಾಗಿಲಿಗೆ ಅಂಟಿಸಿದರು. ಆ ಅಡುಗೆ ಮನೆಯೊಳಗೆ ಹೋಗಿ ಬರುವ ನಮ್ಮಿಬ್ಬರಿಗೂ ಉರ್ದು ಬರುತ್ತಿರಲಿಲ್ಲ, ಕನ್ನಡವೂ ಓದಲು ಬರುತ್ತಿರಲಿಲ್ಲ. ಇನ್ನು ಕಾಗದ ಅಂಟಿಸಲು ಅವರು ಅತ್ತೆಯ ಕೈಯಿಂದ ತರಿಸಿಕೊಂಡ ಅಂಟು ಯಾವುದು ಗೊತ್ತೇ? ಜೋಳದ ಹಿಟ್ಟಿನ ಅಂಬಲಿ.

ಮನೆಯಲ್ಲಿದ್ದ ಜೋಳದ ಚೀಲ ಮಠಕ್ಕೆ ಹೋಯಿತು. ಗೋಧಿ, ಅಕ್ಕಿ, ಸಜ್ಜೆ ಹಿಂದೆಯೇ ಹೋದವು. ತೊಗರಿಬೇಳೆಯ ಮುಂದೆ ಮಾತ್ರ ಮಾವನವರ ಕಾಲು ನಿಂತವು. ನಮ್ಮ ಸೀಮೆಯಲ್ಲಿ ಹುಟ್ಟಿ ತೊಗರಿ ಬಿಡುವುದೆಂದರೆ ಉಸಿರು ಬಿಟ್ಟ ಹಾಗೆಯೇ ಸರಿ. ಸ್ವಲ್ಪ ಹೊತ್ತು ಗಡ್ಡ ಕೆರೆದು, "ತೊಗರಿ ಹುಲ್ಲಲ್ಲ, ಗಿಡ. ಇದ್ದುಕೊಳ್ಲಿ" ಎಂದು ತೀರ್ಪು ಕೊಟ್ಟರು. ಹೀಗೆ ಬೇಳೆ ಉಳಿಯಿತು, ಅದಕ್ಕೆ ಅದ್ದಿಕೊಳ್ಳುವ ರೊಟ್ಟಿ ಹೋಯಿತು. ಇನ್ನು ಉಳಿದದ್ದು ಗೆಣಸು, ಕುದಿಸಿದ ಶೇಂಗಾ, ಸೊಪ್ಪು, ಹಾಲು, ಬಾಳೆಹಣ್ಣು.

ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಇಲ್ಲ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ಓಣಿಯಲ್ಲಿ ಬೆಳಿಗ್ಗೆ ಮನೆ ಮನೆಯಲ್ಲೂ ಪಟಪಟ ರೊಟ್ಟಿ ಬಡಿಯುವುದು ಕೇಳಬೇಕು. ಒಂದು ಮನೆ ಸುಮ್ಮನಿದ್ದರೆ ಅಲ್ಲಿ ಒಲೆ ಹೊತ್ತಿಲ್ಲ ಎಂದರ್ಥ. ಒಲೆ ಹೊತ್ತಿಲ್ಲದಿದ್ದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದರ್ಥ. ಆಗ ಬಳಗದವರು, ನೆರೆಯವರು ತಮ್ಮ ಮನೆಯಿಂದ ರೊಟ್ಟಿ ಝುಣಕ ಕಟ್ಟಿಕೊಂಡು ಹೋಗಬೇಕು.

ಗೋಡೆಯ ಆಚೆಯ ಮನೆ ಬಸಮ್ಮಕಾಕಿಯದು. ಬಂಗಾರದಂಥ ಹೆಂಗಸು. ಸತ್ತವರ ಗುಣ ಹೇಳಿ ಹಾಡಿ ಅಳುವುದರಲ್ಲಿ ಕಲಬುರ್ಗಿಯಲ್ಲೇ ಆಕೆಯನ್ನು ಮೀರಿಸಿದವರಿರಲಿಲ್ಲ. ದೂರ ದೂರದಿಂದ ಕರೆಸುತ್ತಿದ್ದರು. ಹೊತ್ತೇರಿದರೂ ನಮ್ಮ ಮನೆಯ ಸಪ್ಪಳ ಕೇಳದೆ, ಪೇಶ್ಕಾರರ ಹೊಟ್ಟೆಬಾಧೆಯೂ ಗೊತ್ತಿದ್ದ ಆಕೆ ತಾನೇ ಲೆಕ್ಕ ಹಾಕಿಬಿಟ್ಟಳು. ಅರಿವೆಯಲ್ಲಿ ಹತ್ತು ರೊಟ್ಟಿ ಕಟ್ಟಿಕೊಂಡು, ಸೆರಗು ಬಾಯಿಗೆ ಹಿಡಿದು, ಹೊಸ್ತಿಲಿನಲ್ಲೇ ಕುಸಿದು ಕೂತು ಶುರು ಮಾಡಿದಳು:

"ಅಯ್ಯಯ್ಯೋ ನನ ಪೇಶ್ಕಾರಣ್ಣಾ, ಓಣಿಗೆ ದೀಪ ಆಗಿದ್ಯಲ್ಲೋ ನನ ಅಣ್ಣಾ, ನಿನ್ನ ಬಿಳಿ ರುಮಾಲ ಇನ್ಯಾರಿಗೆ ಒಪ್ಪೀತೋ ನನ ಅಣ್ಣಾ..."

ಪೇಶ್ಕಾರಣ್ಣ ಅವಳ ಮುಂದೆಯೇ, ನಾಲ್ಕು ಹೆಜ್ಜೆಯಲ್ಲಿ, ಅದೇ ಬಿಳಿ ರುಮಾಲು ಸುತ್ತಿಕೊಂಡು ಬಾಳೆಹಣ್ಣು ಸುಲಿಯುತ್ತ ಕೂತಿದ್ದರು. ಕಣ್ಣು ಮುಚ್ಚಿ ಅಳುವ ರೂಢಿಯಾದ್ದರಿಂದ ಆಕೆಗೆ ಕಾಣಲಿಲ್ಲ. ತಮ್ಮ ಗುಣಗಾನ ಕೇಳುತ್ತ ಮಾವನವರು ಆಕೆಯನ್ನು ತಡೆಯಲೂ ಇಲ್ಲ. ನಾನು ಬಾಗಿಲ ಹಿಂದಿನಿಂದ ನೋಡಿದ್ದೇನೆ, ಅವರಿಗೆ ಸ್ವಲ್ಪ ಹಿತವೇ ಆಗಿತ್ತು. ಕೊನೆಗೆ ಹಣ್ಣು ನುಂಗಿ, "ಬಸವ್ವ, ನಾ ಇನ್ನಾ ಅದೀನಿ" ಅಂದರು.

ಬಸಮ್ಮಕಾಕಿ ಕಣ್ಣು ತೆರೆದಳು. ಚಿಟ್ಟನೆ ಚೀರಿ, ಎದ್ದು, ಆಮೇಲೆ ಬೈಯತೊಡಗಿದಳು. "ಸತ್ತಿಲ್ಲಂದ್ರ ರೊಟ್ಟಿ ಬಡೀಲಾಕ ನಿಮಗೇನು ಧಾಡಿರೀ? ಬೆಳ್ಳಂಬೆಳಿಗ್ಗೆ ನನ್ನ ಕಣ್ಣೀರ ಹಾಳ ಮಾಡಿದ್ರಲ್ಲ!"

ಆ ಹತ್ತು ರೊಟ್ಟಿಯನ್ನು ವಾಪಸು ಒಯ್ಯಬೇಕೆಂದು ಮಾವನವರ ಅಪ್ಪಣೆಯಾಯಿತು. ಆದರೆ ಅತ್ತೆ ಹಿತ್ತಲ ಗೋಡೆಯ ಬಳಿ ಕಾಕಿಯ ಜೊತೆ ಏನೋ ಪಿಸುಮಾತಾಡಿದರು. ನಾನು ಆಗ ಆರು ತಿಂಗಳ ಬಸುರಿ. ಅಂದಿನಿಂದ ದಿನಾ ಮಧ್ಯಾಹ್ನ ಮಾವನವರು ಮಲಗಿದ ಮೇಲೆ ಗೋಡೆಯ ಮೇಲಿಂದ ಎರಡು ಬಿಸಿ ರೊಟ್ಟಿ ಇಳಿಯುತ್ತಿದ್ದವು. ಅತ್ತೆ ಅವನ್ನು ಸೆರಗಿನಲ್ಲಿ ತಂದು ನನ್ನ ಮುಂದಿಟ್ಟು, "ಲಗೂನ ಉಣ್ಣು ಶರಣವ್ವ, ಹೊಟ್ಟ್ಯಾಗಿನ ಕೂಸಿಗೆ ಯಾವ ಹುಕುಂನೂ ಇಲ್ಲ" ಎನ್ನುತ್ತಿದ್ದರು. "ನೀವು, ಅತ್ತಿ?" ಎಂದರೆ "ನಂದು ಆಮ್ಯಾಲ" ಎನ್ನುತ್ತಿದ್ದರು. ನಾನು ಮತ್ತೊಮ್ಮೆ ಕೇಳುತ್ತಿರಲಿಲ್ಲ. ಬಿಸಿ ರೊಟ್ಟಿ ಮುಂದಿದ್ದಾಗ ನಾನು ಹೆಚ್ಚು ಪ್ರಶ್ನೆ ಕೇಳುವವಳಲ್ಲ.

ನನ್ನ ಗಂಡನ ಹೆದರಿಕೆ ನಮಗಿರಲಿಲ್ಲ. ಅವರು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಹುಕುಂ ಹೊರಟ ದಿನದಿಂದ ಅವರಿಗೆ ಕೆಲಸ ಎಷ್ಟು ಹೆಚ್ಚಾಯಿತೆಂದರೆ ಎರಡು ಹೊತ್ತೂ ಊಟಕ್ಕೆ ಮನೆಗೆ ಬರಲು ಪುರುಸೊತ್ತಾಗುತ್ತಿರಲಿಲ್ಲ. ಮೈಮೇಲೆ ಖಾನಾವಳಿಯ ಒಗ್ಗರಣೆ ವಾಸನೆ ಹೊತ್ತು ತರುತ್ತಿದ್ದರು. ನಾನು ಆ ವಾಸನೆ ಮೂಸಿಯೇ ಅಂದಿನ ಪಲ್ಯ ಯಾವುದೆಂದು ಹೇಳುತ್ತಿದ್ದೆ.

ಬಾಳೆಹಣ್ಣಿಗೆ ಏನು ಮಾಡುವುದು? ನನ್ನ ತವರಿನ ತೋಟವಿತ್ತಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದು ನೋಡಿದವರಿಗೆ ಉಳಿದ ಬಾಳೆಹಣ್ಣು ನೀರಿನ ಹಾಗೆ. ಸುದ್ದಿ ಮುಟ್ಟಿದ ಕೂಡಲೇ ಅಪ್ಪ ಚಕ್ಕಡಿ ತುಂಬ ಗೊನೆ ಹೇರಿಕೊಂಡು ಬಂದ. ಬೀಗರ ಮುಂದೆ ಕೈ ಮುಗಿದು ಕೂತು, ಅವರು ಧಾನ್ಯದ ಕೆಡುಕನ್ನೆಲ್ಲ ವಿವರಿಸುವುದನ್ನು "ಹೌದ್ರಿ, ಖರೇನ್ರಿ" ಎಂದು ಕೇಳಿದ. ಆಮೇಲೆ ಹಿತ್ತಲಿಗೆ ಬಂದು ನನ್ನ ಕಿವಿಯಲ್ಲಿ, "ಯವ್ವಾ, ನಾ ಮೂರು ಕೂರಿಗಿ ಜ್ವಾಳ ಬಿತ್ತೀನಿ. ಬೀಗರ ಮಾತು ಊರಾಗ ಯಾರಿಗೂ ಹೇಳಬ್ಯಾಡ, ಜ್ವಾಳಕ್ಕ ಗಿರಾಕಿ ಇರೂದಿಲ್ಲ" ಅಂದ. ಕಟ್ಟಿಕೊಂಡು ಬಂದ ಬುತ್ತಿಯಲ್ಲಿ ಉಳಿದಿದ್ದ ಒಂದು ಸಜ್ಜೆ ರೊಟ್ಟಿಯನ್ನೂ ನನ್ನ ಕೈಗಿಟ್ಟು ಹೋದ.

ಸುಳ್ಳು ಯಾಕೆ ಹೇಳಲಿ, ಮೊದಲ ವಾರ ಮಾವನವರ ಹೊಟ್ಟೆ ನಿಜವಾಗಿಯೂ ಸುಧಾರಿಸಿತು. ಹುಳಿ ತೇಗು ನಿಂತಿತು. ಓಣಿಯಲ್ಲಿ ಹೋಗಿ ಬರುವವರನ್ನು ಕರೆಕರೆದು, "ನೋಡು, ಇಲ್ಲಿ ಮುಟ್ಟಿ ನೋಡು, ಹಗುರಾಗ್ಯದ" ಎಂದು ಹೊಟ್ಟೆ ತೋರಿಸುತ್ತಿದ್ದರು. ನನಗೆ ಆಗಲೂ ಗೊತ್ತಿತ್ತು, ಈಗಲೂ ಎದೆ ತಟ್ಟಿ ಹೇಳುತ್ತೇನೆ: ಅವರ ಹೊಟ್ಟೆ ಕೆಡಿಸುತ್ತಿದ್ದದ್ದು ಜೋಳವಲ್ಲ, ಗೋಧಿಯೂ ಅಲ್ಲ. ಸಂಜೆ ಸಂಜೆ ಬಜಾರಿಗೆ ಹೋಗಿ ತಿನ್ನುತ್ತಿದ್ದ ಮೆಣಸಿನಕಾಯಿ ಭಜಿ. ಪಥ್ಯದ ಭರದಲ್ಲಿ ಅದನ್ನೂ ಬಿಟ್ಟಿದ್ದರು. ಪುಣ್ಯ ಹೋಗಿ ಹುಕುಮಿನ ಹೆಸರಿಗೆ ಸೇರಿತು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಏನು ಉಣ್ಣಬೇಕು ಎಂಬುದಕ್ಕಿಂತ ಎಷ್ಟು, ಯಾವಾಗ, ಯಾರ ಜೊತೆ ಎಂಬುದು ದೊಡ್ಡದು ಎಂದು ನನ್ನ ಎಣಿಕೆ. ಡಾಕ್ಟರರು ಬೇಕಾದರೆ ನನ್ನ ಜೊತೆ ಜಗಳಕ್ಕೆ ಬರಲಿ.

ಆದರೆ ಎರಡನೆಯ ವಾರಕ್ಕೆ ಮಾವನವರಿಗೆ ಹಸಿವು ಶುರುವಾಯಿತು. ರೊಟ್ಟಿ ತಿಂದ ಹೊಟ್ಟೆಗೆ ಗೆಣಸು ಎಷ್ಟು ಹೊತ್ತು ನಿಂತೀತು? ಉಂಡು ಎದ್ದು ಅರ್ಧ ತಾಸಿಗೆ ಮತ್ತೆ ಗೊನೆಯ ಕಡೆ ಕಣ್ಣು. ಬೇಳೆಯನ್ನು ಬಟ್ಟಲಲ್ಲಿ ಹಾಕಿಕೊಂಡು ಸೊರಸೊರ ಕುಡಿದು, ತಳವನ್ನು ಬೆರಳಿನಿಂದ ಬಳಿದು ಚೀಪುತ್ತಿದ್ದರು. ತಾಟು ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಮಾತು ಹಿಂದಕ್ಕೆ ತೆಗೆದುಕೊಳ್ಳುವ ಮನುಷ್ಯ ಅಲ್ಲ, ಹಸಿದಿದ್ದೇನೆ ಎಂದು ಹೇಳುವ ಮನುಷ್ಯನೂ ಅಲ್ಲ. "ವಾಹ್, ಎಷ್ಟು ಹಗುರ ಅನಸ್ತದ!" ಎನ್ನುತ್ತ ಸಿಪ್ಪೆಯ ಒಳಭಾಗವನ್ನೂ ಹಲ್ಲಿನಿಂದ ಕೆರೆಯುತ್ತಿದ್ದರು.

ನನಗೆ ಇದೆಲ್ಲ ನಗುವ ವಿಷಯವಾಗಿತ್ತು. ಅತ್ತೆಯ ಬಳೆ ಮೊಳಕೈವರೆಗೆ ಜಾರತೊಡಗಿದ್ದನ್ನು ನೋಡಿದೆ, ಆದರೆ ಕೆಲಸ ಹೆಚ್ಚು ಎಂದುಕೊಂಡೆ. ಕೊಡ ಎತ್ತುವಾಗ ಗೋಡೆ ಹಿಡಿದು ನಿಂತದ್ದನ್ನು ನೋಡಿದೆ, ಬಿಸಿಲಿಗೆ ಕಣ್ಣು ಕತ್ತಲೆ ಬಂದಿರಬೇಕು ಎಂದುಕೊಂಡೆ. "ಅತ್ತಿ, ಭಾಳ ಸೊರಗೀರಿ" ಎಂದು ಒಮ್ಮೆ ಅಂದದ್ದೂ ಉಂಟು. "ನನಗ ಬಾಳಿಹಣ್ಣು ಹಿಡಿಯಂಗಿಲ್ಲವ್ವ, ಇಷ್ಟ ಮಜ್ಜಿಗಿ ಕುಡದ್ರ ಸಾಕು" ಎಂದು ನನ್ನ ಮುಂದೆ ರೊಟ್ಟಿ ಸರಿಸಿದರು. ನಾನು ಮುರಿದು ತಿಂದೆ. ಹೊಟ್ಟೆಯಲ್ಲಿ ಮಗುವಿದ್ದವಳಿಗೆ ಬುದ್ಧಿಯೂ ಹೊಟ್ಟೆಗೇ ಇಳಿದಿತ್ತೇನೋ.

ಇಪ್ಪತ್ತನೆಯ ದಿನ, ಮಾವನವರ ಊಟವಾಗಿ ಅವರು ಪಡಸಾಲೆಗೆ ಹೋದ ಮೇಲೆ, ಅಡುಗೆ ಮನೆಯಲ್ಲಿ ದಡ್ ಎಂದು ಸಪ್ಪಳ. ಓಡಿ ಬಂದರೆ ಅತ್ತೆ ಒಲೆಯ ಪಕ್ಕ ಬಿದ್ದಿದ್ದರು. ಕೈಯಲ್ಲಿ ಮಾವನವರು ಉಂಡ ತಾಟು. ಮುಖಕ್ಕೆ ನೀರು ಚಿಮುಕಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಆ ತಲೆ ಎಷ್ಟು ಹಗುರವಿತ್ತು! ಕಣ್ಣು ಬಿಟ್ಟಾಗ ಕೇಳಿದೆ, "ಅತ್ತಿ, ಮುಂಜಾನಿಂದ ಏನು ಉಂಡೀರಿ?"

"ಅವರ ತಾಟಿನ್ಯಾಗ ಏನೂ ಇರಲಿಲ್ಲವ್ವ" ಅಂದರು.

ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ಎಲ್ಲ ಒಮ್ಮೆಲೇ ತಿಳಿಯಿತು. ಅತ್ತೆಗೆ ಒಂದು ನೇಮವಿತ್ತು. ಮದುವೆಯಾಗಿ ಬರುವಾಗ ಅವರ ತಾಯಿ ಹೇಳಿ ಕಳಿಸಿದ್ದು: ಗಂಡ ಉಂಡು ಬಿಟ್ಟ ತಾಟಿನಲ್ಲೇ ಉಣ್ಣಬೇಕು, ಮೊದಲ ತುತ್ತು ಅವನು ಬಿಟ್ಟದ್ದೇ ಆಗಬೇಕು. ಆಮೇಲೆ ಬೇಕಾದಷ್ಟು ಬಡಿಸಿಕೊಳ್ಳಬಹುದು. ನಲವತ್ತು ವರ್ಷ ಈ ನೇಮಕ್ಕೆ ಯಾವ ತೊಂದರೆಯೂ ಬಂದಿರಲಿಲ್ಲ, ಏಕೆಂದರೆ ಮಾವನವರ ತಾಟಿನಲ್ಲಿ ರೊಟ್ಟಿಯ ಅಂಚು ಯಾವಾಗಲೂ ಉಳಿದಿರುತ್ತಿತ್ತು. ಈಗ ರೊಟ್ಟಿ ಇಲ್ಲ. ಹಸಿದ ಮಾವನವರು ಏನೂ ಬಿಡುತ್ತಿಲ್ಲ. ಎಂದಾದರೂ ಒಂದು ಶೇಂಗಾಬೀಜ, ಒಂದು ಗೆಣಸಿನ ಚೂರು ಉಳಿದ ದಿನ ಅತ್ತೆ ಉಂಡಿದ್ದರು. ಇಲ್ಲದ ದಿನ, ಅಂಥ ದಿನಗಳೇ ಹೆಚ್ಚು, ಒಂದು ಬಟ್ಟಲು ಮಜ್ಜಿಗೆ ಕುಡಿದು ತಾಟು ತೊಳೆದಿಟ್ಟಿದ್ದರು. ಎಲ್ಲರದೂ ಆದ ಮೇಲೆ ಒಬ್ಬರೇ ಕೂತು ಉಣ್ಣುವವರು ಉಂಡರೋ ಬಿಟ್ಟರೋ ಯಾರು ನೋಡುತ್ತಾರೆ?

ಬಸಮ್ಮಕಾಕಿಯ ಮನೆಯವರು ಓಡಿ ಹೋಗಿ ಹಕೀಮ ಸಾಹೇಬರನ್ನು ಕರೆತಂದರು. ಓಣಿಯ ತುದಿಯಲ್ಲಿದ್ದ ಮುದುಕರು, ಮಾವನವರ ಹಳೆಯ ಪರಿಚಯ. ಅತ್ತೆಯ ನಾಡಿ ಹಿಡಿದು ಬಹಳ ಹೊತ್ತು ಕ‍ಣ್ಣು ಮುಚ್ಚಿ ಕೂತರು. ನಾನು ಬಾಗಿಲ ಹಿಂದೆ ಸರಿದಿದ್ದೆ, ಮಾವನವರು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಬೋಳು ತಲೆಯನ್ನು ನಾನು ನೋಡಿದ್ದು ಅಂದೇ ಮೊದಲು.

"ಪೇಶ್ಕಾರ್ ಸಾಬ್, ಬಿಮಾರಿ ಕುಚ್ ನೈ, ರೋಗ ಏನೂ ಇಲ್ಲ" ಎಂದರು ಹಕೀಮರು. "ಇವ್ರಿಗೆ ಹಸಿವು ಅದ. ಸಿರ್ಫ್ ಭೂಕ್. ಗೋಧಿ ನುಚ್ಚು ಹಾಲಾಗ ಕುದಿಸಿ, ಬೆಲ್ಲ ಹಾಕಿ, ತೆಳ್ಳಗ ಮಾಡಿ ಕೊಡ್ರಿ. ದವಾ ಅದೇ."

"ಗೋಧಿ?" ಎಂದರು ಮಾವನವರು. ಆ ಹೊತ್ತಿನಲ್ಲೂ.

"ಹೌ, ಗೋಧಿ. ನಾಳೆತನಕಾ ತಡಾ ನಕ್ಕೊ, ಈಗ ಕೊಡ್ರಿ."

ಹಕೀಮರು ಹೋದರು. ಮಾವನವರು ಅಡುಗೆ ಮನೆಯ ನಡುವೆ ನಿಂತು ಸುತ್ತ ನೋಡಿದರು. "ಹಸಿವು? ನಮ್ಮ ಮನ್ಯಾಗ? ಗೊನಿ ತೂಗ್ಯಾಡಾಕತ್ತಾವ, ಶೇಂಗಾ ಬಿದ್ದದ, ಬ್ಯಾಳಿ ಅದ. ಯಾರು ಬ್ಯಾಡಂದಾರ ಈಕೀಗೆ?"

ಅತ್ತೆ ಕಣ್ಣು ಮುಚ್ಚಿದ್ದರು, ಹೇಳುವವರಲ್ಲ. ಸತ್ತರೂ ಹೇಳುವವರಲ್ಲ. ನನ್ನ ಮಾತನ್ನು ಹೊತ್ತೊಯ್ದು ಮುಟ್ಟಿಸುವವರೇ ಮಲಗಿಬಿಟ್ಟಿದ್ದಾರೆ, ಇನ್ನು ಬಾಗಿಲ ಹಿಂದೆ ನಿಂತು ಯಾರಿಗೆ ಹೇಳಲಿ? ನಾನು ಈಚೆ ಬಂದೆ. ಸೆರಗು ತಲೆಯ ಮೇಲಿತ್ತೋ ಇಲ್ಲವೋ ನೆನಪಿಲ್ಲ. ಮಾವನವರ ಮುಖ ನೋಡಿ ಹೇಳಿದೆ:

"ಮಾವಾರ, ನೀವು ತಾಟಿನ್ಯಾಗ ಬಿಟ್ಟದ್ದ ಮೊದಲ ಉಂಡು ಆಮ್ಯಾಲ ಅತ್ತಿ ಉಣ್ತಾರ. ನಲವತ್ತು ವರ್ಷ ಆತು. ಈಗ ನೀವು ಏನೂ ಬಿಡವಲ್ರಿ. ಅದಕ್ಕ ಅವರು ಉಂಡಿಲ್ಲ."

ಬೈಯುತ್ತಾರೆ, ತವರಿಗೆ ಕಳಿಸುತ್ತಾರೆ ಎಂದುಕೊಂಡೆ. ಮಾವನವರು ನನ್ನನ್ನು ನೋಡಲೇ ಇಲ್ಲ. ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಸಣ್ಣ ದನಿಯಲ್ಲಿ, "ಅಂಚು ಗಟ್ಟಿ ಇರ್ತಿತ್ತು. ನನಗ ಹರೇದಾಗಿಂದ ದವಡಿ ಹಲ್ಲು ಸರಿ ಇಲ್ಲ. ಅದಕ್ಕ ಬಿಡ್ತಿದ್ದೆ" ಅಂದರು.

ಅತ್ತೆ ಕಣ್ಣು ತೆರೆದು, "ನನಗಂತ ಬಿಡ್ತೀರಂತ ತಿಳಕೊಂಡಿದ್ದೆ" ಅಂದರು. ಸಿಟ್ಟಿನಿಂದ ಅಲ್ಲ, ಸುಮ್ಮನೆ ಅಂದರು. ನನಗೆ ಅಳು ತಡೆಯಲಾಗಲಿಲ್ಲ, ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

"ಅಳೂದು ಆಮ್ಯಾಲವ್ವ" ಎಂದರು ಮಾವನವರು, ನೇರ ನನಗೇ. "ಗೋಧಿ ಎಲ್ಲಿ ಸಿಗ್ತದ ನೋಡು."

ಎಲ್ಲಿಂದ ತರಲಿ? ಎಲ್ಲ ಮಠಕ್ಕೆ ಹೋಗಿತ್ತು. ಅತ್ತೆ ಮಲಗಿದಲ್ಲೇ ಕೈ ಎತ್ತಿ ಒಲೆಯ ಮೇಲಿನ ಮಾಡ ತೋರಿಸಿದರು. ಹಳೆಯ ಅರಿವೆಗಳ ಹಿಂದೆ ಒಂದು ಸಣ್ಣ ಗಡಿಗೆ, ಬಾಯಿಗೆ ಬಟ್ಟೆ ಕಟ್ಟಿದೆ. ಬಿಚ್ಚಿದರೆ ಆರಿಸಿ ಹಸನು ಮಾಡಿಟ್ಟ ಕೆಂಪು ಗೋಧಿ, ಒಂದು ಕಲ್ಲಿಲ್ಲ, ಒಂದು ಹೊಟ್ಟಿಲ್ಲ. "ನಿನ್ನ ಬಾಣಂತನಕ್ಕಂತ ಮುಚ್ಚಿಟ್ಟಿದ್ದೆ" ಅಂದರು ಅತ್ತೆ. ಹುಕುಂ ಮೀರಿ ಗೋಧಿ ಬಚ್ಚಿಟ್ಟವರು ಅದರ ಒಂದು ಕಾಳನ್ನೂ ತಾವು ಮುಟ್ಟಿರಲಿಲ್ಲ.

ನಾನು ಬೀಸುವ ಕಲ್ಲು ಎಳೆದುಕೊಂಡು ಎರಡು ಹಿಡಿ ಒಡೆದೆ. ಹಾಲಿನಲ್ಲಿ ಕುದಿಸಿದೆ, ಬೆಲ್ಲ ಹಾಕಿದೆ, ತೆಳ್ಳಗೆ ಮಾಡಿದೆ. ಯಾವ ತಾಟಿಗೆ ಹಾಕಲಿ ಎಂದು ಕೇಳುವ ಮುಂಚೆಯೇ ಮಾವನವರು ತಮ್ಮ ತಾಟನ್ನು ಮುಂದೆ ಚಾಚಿದರು. ಬಿಸಿ ಆರುವವರೆಗೆ ರುಮಾಲಿನ ತುದಿಯಿಂದ ಗಾಳಿ ಬೀಸಿದರು. ಆಮೇಲೆ ಅತ್ತೆಯನ್ನು ಗೋಡೆಗೆ ಆನಿಸಿ ಕೂಡಿಸಿ, ತಾಟನ್ನು ಆಕೆಯ ತೊಡೆಯ ಮೇಲಿಟ್ಟರು.

"ನೀವು ಒಂದ ತುತ್ತು..." ಎಂದರು ಅತ್ತೆ.

"ಇಲ್ಲ. ಇವತ್ತ ನೀ ಮೊದಲ. ನೀ ಬಿಟ್ಟದ್ದ ನಾ ಉಣ್ತೀನಿ."

"ಛೀ, ಏನ ಮಾತು ಆಡ್ತೀರಿ! ನಾಕ ಮಂದಿ ಕೇಳಿದ್ರ ಏನಂದಾರು?"

"ಕೇಳ್ಲಿ. ನನಗೂ ಹಸಿವಾಗ್ಯದ, ಲಗೂನ ಉಣ್ಣು."

ಅತ್ತೆ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಹೆದರುತ್ತ ಒಂದು ತುತ್ತು ಬಾಯಿಗಿಟ್ಟರು, ಆಮೇಲೆ ಇನ್ನೊಂದು. ಆಮೇಲೆ ಕೈ ತಡೆಯಲಿಲ್ಲ. ಮಾವನವರು ಮೊಣಕಾಲ ಮೇಲೆ ಕೈಯಿಟ್ಟು, ಹೊಟ್ಟೆಯೊಳಗಿನ ಸಪ್ಪಳ ನಮಗೆ ಕೇಳಿಸುವಷ್ಟು ಹಸಿದು, ತಾಟನ್ನೇ ನೋಡುತ್ತ ಕಾದು ಕೂತಿದ್ದರು. ಅತ್ತೆ ಕೊನೆಯ ಬೆಲ್ಲದ ನೀರನ್ನೂ ಬೆರಳಿನಿಂದ ಬಳಿದು ನೆಕ್ಕಿದ ಮೇಲೆಯೇ ಅವರಿಗೆ ಎಚ್ಚರವಾದದ್ದು. ಖಾಲಿ ತಾಟು ನೋಡಿ ಅತ್ತೆಯ ಮುಖ ಸಣ್ಣದಾಯಿತು.

"ಅಯ್ಯೋ ನನ ಶಿವನೇ. ನಿಮಗ ಏನೂ ಬಿಡಲಿಲ್ಲಲ್ರೀ!"

ಮಾವನವರು ತಾಟನ್ನು ಕೈಗೆ ತೆಗೆದುಕೊಂಡರು. "ಇರ್ಲಿ ತಗೋ," ಅಂದರು, "ನಾನೂ ಬಿಟ್ಟಿರಲಿಲ್ಲ."